ಏಪ್ರಿಲ್‌ನಲ್ಲಿ ಹೆಪ್ಪುಗಟ್ಟಿದ ಹರಿಹರದ ಹಳ್ಳ

ಮಾನ್ಯ ಪರಿಸರ ಅಧಿಕಾರಿಗಳೇ,

ಕಳೆದ ಏಪ್ರಿಲ್‌ನಲ್ಲಿ ಹರಿಹರದ ನಮ್ಮ ಓಣಿಯ ಹಿಂದಿನ ಹಳ್ಳ ಎರಡು ಸಲ ಹೆಪ್ಪುಗಟ್ಟಿತು. ಹಾಗೆಂದು ತಮ್ಮ ಕಚೇರಿಯ ವರದಿ ಹೇಳುತ್ತದೆ: ನೀರಿನ ತಾಪಮಾನ ಸೊನ್ನೆ ಡಿಗ್ರಿ. ಆ ತಿಂಗಳು ಇಲ್ಲಿ ರಸ್ತೆಯ ಡಾಂಬರು ಚಪ್ಪಲಿಗೆ ಅಂಟಿಕೊಂಡು ಬರುತ್ತದೆ ಎಂಬುದು ದಾವಣಗೆರೆಯಿಂದ ಕಾರಿನ ಗಾಜು ಏರಿಸಿಕೊಂಡು ಬರುವವರಿಗೆ ತಿಳಿಯದಿರಬಹುದು. ಅದಿರಲಿ. ಅದೇ ವರದಿಯ ಮೊದಲ ಪುಟ ಹಳ್ಳದ ನೀರು ‘ತೃಪ್ತಿಕರ’ ಎನ್ನುತ್ತದೆ. ಆ ಒಂದು ಮಾತಿನ ಬಲದ ಮೇಲೆ ನಮ್ಮ ಓಣಿಗೆ ಬರುತ್ತಿದ್ದ ನೀರಿನ ಟ್ಯಾಂಕರ್ ನಿಂತುಹೋಗಿದೆ. ಇಲ್ಲದ ಮಂಜುಗಡ್ಡೆಯನ್ನು ನಂಬಿ ಇರುವ ಜನರ ನೀರು ನಿಲ್ಲಿಸಿದ್ದೀರಿ ಎಂಬುದೇ ನನ್ನ ದೂರು.

ನಾನು ಯಾರೆಂದು ತಮಗೆ ನೆನಪಿರಲಾರದು. ಕನ್ನಡ ಎಂ.ಎ. ಓದಿದವಳು. ವರದಿಗಳೆಲ್ಲ ಕನ್ನಡದಲ್ಲೂ ಇರಬೇಕೆಂಬ ಆದೇಶ ಬಂದಾಗ, ಪುಟಕ್ಕಿಷ್ಟು ಎಂದು ಮಾತಾಡಿ ತಾತ್ಕಾಲಿಕವಾಗಿ ತೆಗೆದುಕೊಂಡ ಅನುವಾದಕಿ. ಸಭೆಯಲ್ಲಿ ಕೈ ಎತ್ತುವ ಪೈಕಿಯಲ್ಲ. ಯಾರಾದರೂ ಹೆಸರು ಕೇಳಿದರೆ ಎರಡು ಸಲ ಹೇಳಬೇಕಾಗುತ್ತದೆ, ಮೊದಲನೆಯ ಸಲ ಯಾರಿಗೂ ಕೇಳಿಸಿರುವುದಿಲ್ಲ. ಪತ್ರಿಕೆಯಲ್ಲಿ ಬರೆಯುವುದರಲ್ಲಿ ಒಂದು ಅನುಕೂಲವಿದೆ, ದನಿ ಏರಿಸಬೇಕಾಗಿಲ್ಲ. ಅದಕ್ಕೇ ಈ ಪತ್ರ.

ನೀರಿನ ಅಂಕಿಅಂಶಗಳನ್ನು ವಿಶ್ಲೇಷಿಸಲು ಯಾವ ತಂತ್ರಾಂಶ ತೆಗೆದುಕೊಳ್ಳಬೇಕೆಂದು ತಾವು ಕರೆದ ಸಭೆಯಲ್ಲಿ ನಾನೂ ಇದ್ದೆ, ನಡಾವಳಿಯನ್ನು ಕನ್ನಡದಲ್ಲಿ ಬರೆದುಕೊಳ್ಳಲು. ಅಂದು ಇಬ್ಬರು ಬಂದಿದ್ದರು. ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಆಶಾರಾಣಿ ಮೇಡಂ ಒಂದು ಉಚಿತ ತಂತ್ರಾಂಶ ತೋರಿಸಿದರು. ಪಾಪ, ಅದಕ್ಕೆ ರೂಪವೂ ಇಲ್ಲ, ಬಣ್ಣವೂ ಇಲ್ಲ. ಬಿಳಿ ಪರದೆಯ ಮೇಲೆ ಕಪ್ಪು ಅಕ್ಷರ. ಹಳೆಯ ಅಂಕಿಗಳನ್ನು ಅದಕ್ಕೆ ಕೊಟ್ಟು ಸರಾಸರಿ ಕೇಳಿದಾಗ, ಮಾಹಿತಿ ಇಲ್ಲ ಎಂದು ಹೇಳಿ ಸುಮ್ಮನಾಯಿತು.

“ಯಾಕ್ರೀ ಮೇಡಂ, ಕೆಟ್ಟೈತೇನು?” ಎಂದು ತಾವು ಕೇಳಿದಿರಿ.

“ಕೆಟ್ಟಿಲ್ಲ ಸರ್. ನಡುನಡುವೆ ಕೆಲವು ವಾರದ ಜಾಗ ಖಾಲಿ ಅದಾವು. ಅವು ಯಾಕ ಖಾಲಿ ಅಂತ ಮೊದಲು ನಾವು ಹೇಳ್ಬೇಕು. ಅವನ್ನ ಬಿಟ್ಟು ಲೆಕ್ಕ ಮಾಡು ಅಂದ್ರೆ ಮಾಡ್ತೈತೆ. ಆದ್ರೆ ಬಿಟ್ಟಿದ್ದೀವಿ ಅಂತ ವರದಿಯಾಗ ಬರೀಬೇಕಾಗ್ತೈತೆ.”

“ಅಲ್ಲಮ್ಮಾ, ಪ್ರಶ್ನೆ ಕೇಳೋರು ನಾವು. ಸಾಫ್ಟ್‌ವೇರೇ ನಮ್ಮನ್ನ ಕೇಳಾಕ ಹತ್ತಿದ್ರ ಹೆಂಗೆ?”

ಸಭೆ ನಕ್ಕಿತು. ಆಶಾರಾಣಿ ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. ಬಳಿಕ ಎದ್ದು ನಿಂತ ಮಾರಾಟ ಪ್ರತಿನಿಧಿ ಏನನ್ನೂ ಕೇಳಲಿಲ್ಲ. ಅವನ ತಂತ್ರಾಂಶವೂ ಕೇಳಲಿಲ್ಲ. ಅದೇ ಅಂಕಿಗಳನ್ನು ಹಾಕಿ ಒಂದು ಗುಂಡಿ ಒತ್ತಿದ. ಪರದೆಯ ತುಂಬ ಬಣ್ಣದ ಕಂಬಗಳು ಎದ್ದವು, ಮೂಲೆಯಲ್ಲಿ ಹಸಿರು ಮೀನೊಂದು ಬಾಲ ಅಲ್ಲಾಡಿಸಿ ನಕ್ಕಿತು. ನೀರು ಚೆನ್ನಾಗಿದ್ದರೆ ಮೀನು ಹಸಿರು, ಕೆಟ್ಟಿದ್ದರೆ ಕೆಂಪು. “ನೋಡ್ರೀ, ಇದು ಮಂತ್ರಿಗಳಿಗೂ ಅರ್ಥ ಆಗ್ತೈತೆ” ಎಂದಿರಿ ತಾವು. ಒಂದು ಕಚೇರಿ ವಿಶ್ಲೇಷಣೆಯ ಸಾಧನವನ್ನು ಆರಿಸಲು ಇದಕ್ಕಿಂತ ಘನವಾದ ಕಾರಣ ಬೇಕೆ? ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡ ತಂತ್ರಾಂಶ ಸೋತಿತು. ಗೊತ್ತಿಲ್ಲದಿದ್ದರೂ ನಗುತ್ತ ಉತ್ತರ ಕೊಟ್ಟದ್ದಕ್ಕೆ ಖಾಯಂ ನೌಕರಿ ಸಿಕ್ಕಿತು. ನಾನೂ ತಮ್ಮಲ್ಲಿ ನೌಕರಿಯ ಆಸೆಯಿಂದಲೇ ಬಂದವಳಾದ್ದರಿಂದ ಇದರಿಂದ ಒಂದು ಪಾಠ ಕಲಿಯಬೇಕಿತ್ತು. ಕಲಿಯಲಿಲ್ಲ.

ಖಾಲಿ ಜಾಗಗಳು ಎಲ್ಲಿಂದ ಬರುತ್ತವೆ ಎಂಬುದು ಸಭೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಆ ಹಳ್ಳದ ಪಕ್ಕದಲ್ಲೇ ಬೆಳೆದ ನನಗೆ ಗೊತ್ತಿತ್ತು. ವಾರಕ್ಕೊಮ್ಮೆ ಗುತ್ತೆಪ್ಪ ಎಂಬ ತಮ್ಮ ಗುತ್ತಿಗೆ ನೌಕರ ಬೈಕಿನ ಹಿಂದೆ ಐಸ್ ಡಬ್ಬಿ ಕಟ್ಟಿಕೊಂಡು ಬಂದು, ಹಳ್ಳಕ್ಕಿಳಿದು ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋಗುತ್ತಾನೆ. ಮೇಲಿನ ಕಾರ್ಖಾನೆಗಳು ಒಮ್ಮೆಲೇ ನೀರು ಬಿಟ್ಟ ದಿನ ಹಳ್ಳ ಸಾಬೂನಿನ ಹಾಗೆ ನೊರೆಗಟ್ಟುತ್ತದೆ, ವಾಸನೆಗೆ ತಲೆ ತಿರುಗುತ್ತದೆ. ಅಂಥ ದಿನ ಸಿಬ್ಬಂದಿ ಇಳಿಯಕೂಡದು ಎಂದು ತಾವೇ ಸುತ್ತೋಲೆ ಹೊರಡಿಸಿದ್ದೀರಿ. ಒಳ್ಳೆಯ ಸುತ್ತೋಲೆ. ಅದನ್ನು ಪಾಲಿಸುವ ಗುತ್ತೆಪ್ಪನದೂ ತಪ್ಪಿಲ್ಲ. ಏಪ್ರಿಲ್‌ನ ಅಂಥದ್ದೊಂದು ದಿನ ಅವನು ದಂಡೆಯ ಮೇಲೆ ಕರವಸ್ತ್ರ ಮೂಗಿಗೆ ಒತ್ತಿಕೊಂಡು ನಿಂತಿದ್ದಾಗ, ನಮ್ಮ ಓಣಿಯಲ್ಲೇ ಇರುವ ನನ್ನ ಚಿಕ್ಕಮ್ಮ ದಿಲ್ಷಾದ್ ಬೇಗಂ ಕಿಟಕಿಯಿಂದ ಕೂಗಿದರು.

“ಯಾಕೋ ಗುತ್ತೆಪ್ಪ, ಇವತ್ತು ನೀರು ತಗಳಲ್ಲೇನು?”

“ಇಲ್ರೀ ಅಮ್ಮಾರೆ, ಕಣ್ಣು ಉರಿಯಾಕ ಹತ್ತೈತೆ. ಖಾಲಿ ಬಿಡೋದು.”

“ಹೋಗ್ಲಿ ಬಿಡು. ಖಾಲಿ ನೋಡಿದ್ರನಾ ಸಾಹೇಬ್ರಿಗೆ ತಿಳೀತೈತೆ, ಇಳಿಯಾಕೂ ಆಗದಷ್ಟು ಕೆಟ್ಟೈತೆ ಅಂತ.”

ಎಷ್ಟು ನಂಬಿಕೆ ನೋಡಿ ತಮ್ಮ ಮೇಲೆ! ಆ ಖಾಲಿ ಜಾಗ ಹಸಿರು ಮೀನಿನ ಹೊಟ್ಟೆ ಸೇರಿದಾಗ ಏನಾಯಿತೆಂದರೆ, ಅದು ಖಾಲಿ ಇದ್ದಲ್ಲೆಲ್ಲ ತಾನೇ ಸೊನ್ನೆ ತುಂಬಿಕೊಂಡಿತು. ಹಳ್ಳ ಅತ್ಯಂತ ಕೆಟ್ಟಿದ್ದ ದಿನಗಳ ಕಲ್ಮಶ ಸೊನ್ನೆಯಾಯಿತು. ಸೊನ್ನೆಗಳು ಸೇರಿ ಸರಾಸರಿ ಇಳಿಯಿತು, ಸರಾಸರಿ ಇಳಿದು ಮಿತಿಯೊಳಗೆ ಬಂತು. ಜ್ವರ ನೆತ್ತಿಗೇರಿ ಒದ್ದಾಡುವ ರೋಗಿಗೆ ಥರ್ಮಾಮೀಟರ್ ಇಡಲಾಗಲಿಲ್ಲವೆಂದು ಅಂದಿನ ಜ್ವರ ಸೊನ್ನೆ ಎಂದು ಬರೆದುಕೊಂಡು, ವಾರದ ಸರಾಸರಿ ತೆಗೆದು, ಗುಣವಾಗಿದೆ ಮನೆಗೆ ಹೋಗು ಎನ್ನುವ ವೈದ್ಯರನ್ನು ತಾವು ಕಂಡಿದ್ದೀರಾ? ಈ ಲೆಕ್ಕದ ಪ್ರಕಾರ ಹಳ್ಳ ಎಷ್ಟು ಹೆಚ್ಚು ಸಲ ಹತ್ತಿರ ಸೇರಿಸದಷ್ಟು ಕೆಡುತ್ತದೆಯೋ ಅಷ್ಟು ಶುದ್ಧವಾಗುತ್ತದೆ. ವರ್ಷವಿಡೀ ಇಳಿಯಲಾಗದಂತೆ ಕೆಟ್ಟುಬಿಟ್ಟರೆ ಬಾಟಲಿಯಲ್ಲಿ ತುಂಬಿ ಮಾರಬಹುದು.

ಇದನ್ನು ನಾನು ಕಂಡುಹಿಡಿದದ್ದು ಯಾವ ಜಾಣತನದಿಂದಲೂ ಅಲ್ಲ. ವರದಿಯ ಕೊನೆಯ ಅನುಬಂಧವನ್ನು ಯಾರೂ ಓದುವುದಿಲ್ಲ, ಆದರೆ ಪುಟಕ್ಕಿಷ್ಟು ಎಂದು ದುಡಿಯುವವಳು ಓದಲೇಬೇಕು. ಅಲ್ಲಿ ಗುತ್ತೆಪ್ಪ ಇಳಿಯದ ದಿನಗಳ ಸಾಲಿನಲ್ಲಿ ಎಲ್ಲವೂ ಸೊನ್ನೆ: ಕಲ್ಮಶ ಸೊನ್ನೆ, ನೀರಿನಲ್ಲಿ ಕರಗಿದ ಆಮ್ಲಜನಕ ಸೊನ್ನೆ, ಆಮ್ಲತೆ ಅಳೆಯುವ ಪಿಎಚ್ ಸೊನ್ನೆ, ತಾಪಮಾನ ಸೊನ್ನೆ. ಪಿಎಚ್ ಸೊನ್ನೆ ಎಂದರೆ ಬ್ಯಾಟರಿಯೊಳಗಿನ ಆಸಿಡ್‌ಗೆ ಸಮವೆಂದು ಹುಡುಕಿ ತಿಳಿದುಕೊಂಡೆ. ಒಟ್ಟಿನಲ್ಲಿ ಅಂದು ನಮ್ಮ ಹಳ್ಳದಲ್ಲಿದ್ದದ್ದು ಕಲ್ಮಶವೇ ಇಲ್ಲದ, ಮೀನು ಉಸಿರಾಡಲಾಗದ, ಚರ್ಮ ಸುಡುವ ಆಸಿಡ್‌ನ ಮಂಜುಗಡ್ಡೆ. ಸಾಹಿತ್ಯದ ತರಗತಿಯಲ್ಲಿ ಇಂಥ ವಾಕ್ಯ ಬರೆದಿದ್ದರೆ ಮೇಷ್ಟ್ರು ಕಲ್ಪನೆಗೂ ಒಂದು ಮಿತಿ ಇರಲಿ ಎನ್ನುತ್ತಿದ್ದರು.

ಧೈರ್ಯ ಮಾಡಿ ಆ ಹಾಳೆ ಹಿಡಿದು ತಮ್ಮ ಕೋಣೆಗೆ ಬಂದೆ. ತಾವು ಫೋನಿನಲ್ಲಿದ್ದಿರಿ. ಕೂಡು ಎಂದು ಕೈ ಮಾಡಿದಿರಿ, ನಾನು ನಿಂತೇ ಇದ್ದೆ. ಹಾಳೆಯನ್ನು ಮೇಲಿಂದ ಕೆಳಗೆ ನೋಡಿ ತಾವು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. “ಅನುವಾದ ಮಾಡಮ್ಮಾ, ವಿಮರ್ಶೆ ಬ್ಯಾಡ.”

ಆದರೂ ತಾವು ನನ್ನ ಮಾತನ್ನು ಕಡೆಗಣಿಸಿದಿರಿ ಎಂದರೆ ಸುಳ್ಳಾಗುತ್ತದೆ. ಮರುದಿನವೇ ಕ್ರಮ ಕೈಗೊಂಡಿರಿ. ಪರಿಷ್ಕೃತ ವರದಿ ನನ್ನ ಮೇಜಿಗೆ ಬಂದಾಗ ಅನುಬಂಧದಲ್ಲಿ ತಾಪಮಾನದ ಕಾಲಂ ಇರಲಿಲ್ಲ. ಪಿಎಚ್ ಕೂಡ ಇರಲಿಲ್ಲ. ಕಲ್ಮಶದ ಸೊನ್ನೆಗಳು ಮಾತ್ರ ಇದ್ದಲ್ಲೇ ಇದ್ದವು, ಮೊದಲ ಪುಟದ ತೃಪ್ತಿಯೂ ಹಾಗೆಯೇ ಇತ್ತು. ಅಲ್ಲಿಯವರೆಗೆ ಇದು ಯಂತ್ರದ ಪೆದ್ದುತನ ಎಂದುಕೊಂಡಿದ್ದೆ. ಕಾಲಂ ಅಳಿಸಿದ್ದು ಯಂತ್ರವಲ್ಲ. ಇದನ್ನು ಯಾವ ತಂತ್ರಾಂಶದ ತಲೆಗೆ ಕಟ್ಟಬೇಕೆಂದು ತಾವೇ ಹೇಳಬೇಕು.

ಇನ್ನು ಓಣಿಯ ಸಂಗತಿ. ನಮ್ಮ ಕೊಳವೆಬಾವಿಗೂ ಹಳ್ಳಕ್ಕೂ ನಡುವೆ ಒಂದು ಗೋಡೆ ಮಾತ್ರ ಅಡ್ಡ. ಹಳ್ಳ ಸುಧಾರಿಸುವವರೆಗೆ ಬೋರಿನ ನೀರು ಬಳಸಬೇಡಿ ಎಂದು ಹಿಂದೆ ತಮ್ಮ ಕಚೇರಿಯೇ ತಿಳಿಸಿತ್ತು, ಟ್ಯಾಂಕರ್ ಬರತೊಡಗಿದ್ದೂ ಅದರಿಂದಲೇ. ಈಗ ಹಳ್ಳ ಕಾಗದದ ಮೇಲೆ ಸುಧಾರಿಸಿದೆ. ಚಿಕ್ಕಮ್ಮನ ಮಗಳು ನುಜತ್ ಹೆರಿಗೆಗೆಂದು ತವರಿಗೆ ಬಂದಿದ್ದಾಳೆ, ಗಂಡು ಮಗು ಹುಟ್ಟಿದೆ. ಟ್ಯಾಂಕರ್ ನಿಂತ ಮೇಲೆ ಕುಡಿಯಲು ಕ್ಯಾನ್ ತರಿಸುತ್ತಾರೆ, ಸ್ನಾನಕ್ಕೂ ಬಟ್ಟೆಗೂ ಕ್ಯಾನ್ ತರಿಸಲು ಯಾರಿಂದಾದೀತು? ಬೋರಿನ ನೀರಿನಲ್ಲಿ ಮೀಯಿಸಿದ ಮಗುವಿನ ಮೈತುಂಬ ಕೆಂಪು ಗುಳ್ಳೆ ಎದ್ದಿವೆ. ಡಾಕ್ಟರು ಮುಲಾಮು ಬರೆದುಕೊಟ್ಟು, ನೀರು ಬದಲಾಯಿಸಿ ನೋಡಿ ಎಂದಿದ್ದಾರೆ.

ಮೊನ್ನೆ ನುಜತ್‌ಳ ಅತ್ತೆ ದಾವಣಗೆರೆಯಿಂದ ಬಂದರು. ನಮ್ಮ ಮನೆಯ ಉರ್ದುವನ್ನು ಕನ್ನಡಕ್ಕೆ ತರುತ್ತೇನೆ, ಪುಟದ ಲೆಕ್ಕ ಹಾಕುವುದಿಲ್ಲ. “ನಲವತ್ತು ದಿನದ ಬಾಣಂತನ ತವರಿನಾಗೇ ಆಗ್ಬೇಕು ಅನ್ನೋದು ನನಗೂ ಗೊತ್ತು ಬೀಗಿತ್ತೀ. ಆದ್ರೆ ಈ ನೀರಿನಾಗ ನನ್ನ ಮೊಮ್ಮಗನ್ನ ಇನ್ನೊಂದು ವಾರ ಬಿಡಲ್ಲ. ಭಾನುವಾರ ಆಟೋ ತರ್ತೀನಿ” ಎಂದರು. ಅವರು ಹೋದ ಮೇಲೆ ಚಿಕ್ಕಮ್ಮ ನನ್ನನ್ನು ಕರೆದು ವರದಿಯ ಮೊದಲ ಪುಟ ಓದಿಸಿದರು.

“ತೃಪ್ತಿಕರ ಅಂದ್ರೇನು?”

“ಸಾಕು, ಚೆನ್ನಾಗೈತೆ, ಸಮಾಧಾನ ಆಗೈತೆ ಅಂತ.”

“ಯಾರಿಗೆ?”

ನಿಘಂಟಿನಲ್ಲಿ ಇದಕ್ಕೆ ಉತ್ತರವಿಲ್ಲ. ಮೂಲ ಲೇಖಕರು ತಾವು, ತಾವೇ ಹೇಳಬೇಕು.

ತಮಗೆ ಸಂಖ್ಯಾಶಾಸ್ತ್ರ ಕಲಿಸುವ ಯೋಗ್ಯತೆ ನನಗಿಲ್ಲ. ಹಸಿರು ಮೀನನ್ನು ಸಾಯಿಸಿ ಎಂದೂ ಕೇಳುವುದಿಲ್ಲ, ಇಷ್ಟವಾದರೆ ಗೋಡೆಗೆ ತೂಗುಹಾಕಿಕೊಳ್ಳಿ. ಆದರೆ ನೀರು ಎತ್ತಲಾಗದ ದಿನವನ್ನು ನೀರು ಎತ್ತಲಾಗದ ದಿನವೆಂದೇ ವರದಿಯಲ್ಲಿ ಬರೆಯಿರಿ. ಏಕೆ ಎತ್ತಲಾಗಲಿಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಅಳಿಸಿದ ಕಾಲಂಗಳನ್ನು ವಾಪಸ್ ಹಾಕಿ, ತೃಪ್ತಿಯನ್ನು ಹಿಂದಕ್ಕೆ ಪಡೆಯಿರಿ. ಇದಕ್ಕೆಲ್ಲ ಸಮಿತಿ, ಸಭೆ, ಚಹಾ ಆಗಬೇಕಿದ್ದರೆ ಆಗಲಿ, ಕಾಯುತ್ತೇವೆ. ಟ್ಯಾಂಕರ್ ಮಾತ್ರ ಕಾಯುವ ಹಾಗಿಲ್ಲ. ಅದು ಶನಿವಾರ ಸಂಜೆಯೊಳಗೆ ನಮ್ಮ ಓಣಿಗೆ ಬರಬೇಕು. ಡ್ರೈವರಿಗೆ ದಾರಿ ಗೊತ್ತಿದೆ, ತಮ್ಮದೊಂದು ಸಹಿ ಸಾಕು. ಬಾರದಿದ್ದರೆ ಭಾನುವಾರ ಬೆಳಿಗ್ಗೆ ತಾವೇ ಬನ್ನಿ. ಮಗಳನ್ನೂ ಮೊಮ್ಮಗನನ್ನೂ ಆಟೋ ಹತ್ತಿಸುತ್ತಿರುವ ತಾಯಿಗೆ, ತಮಗೇಕೆ ತೃಪ್ತಿಯಾಯಿತೆಂದು ಎದುರು ನಿಂತು ತಿಳಿಸಿ. ಕಚೇರಿಯ ಕನ್ನಡ ಅವರಿಗೆ ಅರ್ಥವಾಗದಿದ್ದರೆ, ತಮ್ಮ ಮಾತನ್ನು ಒಂದಕ್ಷರ ಬಿಡದೆ ಉರ್ದುವಿಗೆ ತಂದು ಅವರಿಗೆ ಹೇಳುತ್ತೇನೆ.

ಇಂತಿ,
ತಮ್ಮಲ್ಲಿ ಕೆಲಸ ಉಳಿಯುವ ಭರವಸೆಯಿಲ್ಲದ, ಈ ಓಣಿ ಬಿಟ್ಟರೆ ಹೋಗಲು ಬೇರೆ ಜಾಗವೂ ಇಲ್ಲದ
ಮುಬಶ್ಶಿರಾ
ಹರಿಹರ