ಮೇಣದ ತುಂಡುಗಳಿಗೆ ಹಾಕಿದ ಬೀಗ ತೆಗೆಯಿರಿ

ಆಸ್ಪತ್ರೆಗಳ ಪ್ರಯೋಗಾಲಯಗಳನ್ನು ನೋಡಿಕೊಳ್ಳಲೆಂದು ನೇಮಕವಾಗಿರುವ ನಿರ್ದೇಶಕರಿಗೆ,

ಮಾನ್ಯರೇ, ನಿಮ್ಮ ಉತ್ತರ ತಲುಪಿತು. "ರೋಗಿಗೆ ಈಗ ಸೂಕ್ತ ಚಿಕಿತ್ಸೆ ದೊರೆಯುತ್ತಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ" ಎಂದಿದ್ದೀರಿ. ರೋಗಿ ಎಂದರೆ ನನ್ನ ಸೊಸೆ. ಸೂಕ್ತ ಚಿಕಿತ್ಸೆ ಎಂದರೆ ನಿಮ್ಮ ಕೈಕೆಳಗಿನ ಪ್ರಯೋಗಾಲಯ ಅವಳಿಗೆ ತಪ್ಪಿಸಿದ ಔಷಧ. ನಾವು ಬೇರೆ ಆಸ್ಪತ್ರೆಯ ಬಾಗಿಲು ಬಡಿದು ಪಡೆದುಕೊಂಡದ್ದು. ಅದರಲ್ಲಿ ನಿಮ್ಮ ಪಾಲು ಏನೆಂದು ಹುಡುಕಿದೆ, ಸಿಗಲಿಲ್ಲ. ಪಕ್ಕದ ಬೀದಿಯವರು ಬಂದು ಬೆಂಕಿ ಆರಿಸಿದ್ದಾರೆ, ಇನ್ನು ಯಾರು ಹಚ್ಚಿದ್ದೆಂದು ಕೇಳಬೇಡಿ ಎನ್ನುವ ಜಾಣತನ ನಿಮ್ಮದು. ಆದರೆ ಬೆಂಕಿ ಆರಿಲ್ಲ. ಅದೇ ಪ್ರಯೋಗಾಲಯದಲ್ಲಿ, ಅದೇ ಬಾಟಲಿಯ ದ್ರವದಿಂದ, ಅದೇ ವರದಿ ಪಡೆದ ನಿವೃತ್ತ ಬಸ್ ಕಂಡಕ್ಟರೊಬ್ಬರು ಇಂದಿಗೂ ಆ ಔಷಧವಿಲ್ಲದೆ ಕೀಮೋ ಹಾಕಿಸಿಕೊಳ್ಳುತ್ತಿದ್ದಾರೆ. ಅವರ ವರದಿ ಸರಿಯೋ ತಪ್ಪೋ ಎಂದು ಹೇಳಬಲ್ಲ ಏಕೈಕ ವಸ್ತುವನ್ನು ನೀವು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದೀರಿ. ಅದಕ್ಕಾಗಿ ಈ ಪತ್ರ. ಮುಚ್ಚಿದ ಲಕೋಟೆಯಲ್ಲಿ ಕಳಿಸಿದರೆ ನೀವು ಅದನ್ನೂ ಮುಕ್ತಾಯಗೊಳಿಸುತ್ತೀರಿ. ಹಾಗಾಗಿ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಯಾರೆಂದು ಹೇಳಬೇಕಲ್ಲ. ಹೈಸ್ಕೂಲು ಮುಗಿಸಿದವಳು. ಆಸ್ಪತ್ರೆಯ ಎದುರಿನ ಬೀದಿಯಲ್ಲಿ ನಮ್ಮದು ಬೀಗದ ಅಂಗಡಿ. ಯಜಮಾನರು ಹೋದ ಮೇಲೆ ಗಲ್ಲಾದಲ್ಲಿ ನಾನೇ ಕೂರುತ್ತೇನೆ. ಮನೆಯಲ್ಲೂ ನನ್ನ ಮಾತೇ ಕೊನೆಯ ಮಾತು. ಇದನ್ನು ಒಪ್ಪದ ಒಂದೇ ಜೀವ ನನ್ನ ಸೊಸೆ. ಮದುವೆಯಾಗಿ ಬಂದಾಗಿನಿಂದ ನಮ್ಮಿಬ್ಬರಿಗೂ ಸರಿಬಂದಿಲ್ಲ. ನಾನು ಉಪ್ಪು ಕಡಿಮೆ ಅಂದರೆ ಅವಳು ನಿಮ್ಮ ನಾಲಿಗೆ ಮಂದ ಅನ್ನುವವಳು. ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರ್ ಎಂದು ತಿಳಿದ ದಿನವೂ ಅಷ್ಟೇ. ಆಟೋದಲ್ಲಿ ನನ್ನ ಮಗ ಅಳುತ್ತಿದ್ದ. ಇವಳು ಕಿಟಕಿಯ ಕಡೆ ಮುಖ ಮಾಡಿ, "ಅತ್ತೆ, ಖುಷಿಪಡಬೇಡಿ, ನಾನು ಅಷ್ಟು ಬೇಗ ಅಡುಗೆಮನೆ ಬಿಟ್ಟುಕೊಡಲ್ಲ" ಅಂದಳು. ಬಾಯಿಗೆ ಬಂದ ಉತ್ತರವನ್ನು ನಾನು ಮೊದಲ ಬಾರಿಗೆ ನುಂಗಿಕೊಂಡೆ.

ಈಗ ಪರೀಕ್ಷೆಯ ವಿಷಯ. ವಿಚಾರಣೆಯ ದಿನ ನೀವು ಫೋನು ನೋಡುತ್ತಿದ್ದಿರಿ, ಆದ್ದರಿಂದ ಮತ್ತೆ ಹೇಳುತ್ತೇನೆ. ಸೋಂಕಿನ ಜೊತೆ ಹೋರಾಡಲು ನಮ್ಮ ಮೈಯಲ್ಲಿ ಬಿ ಕೋಶಗಳಿವೆ. ಸೊಸೆಯ ಗಂಟು ಆ ಕೋಶಗಳೇ ಕೆಟ್ಟು ಬೆಳೆದದ್ದು. ಸಾಮಾನ್ಯವಾಗಿ ಅವುಗಳ ಮೈಮೇಲೆ ಒಂದು ಪ್ರೊಟೀನು ಇರುತ್ತದೆ. ಅದಿದ್ದರೆ, ಅದನ್ನೇ ಗುರುತು ಹಿಡಿದು ಕೋಶವನ್ನು ಮುಗಿಸುವ ಔಷಧವೊಂದನ್ನು ಕೀಮೋ ಜೊತೆಗೆ ಕೊಡುತ್ತಾರೆ. ಅದಿಲ್ಲದಿದ್ದರೆ ಆ ಔಷಧ ಕೊಟ್ಟು ಪ್ರಯೋಜನವಿಲ್ಲ. ಇದೆಯೋ ಇಲ್ಲವೋ ತಿಳಿಯಲು ಗಂಟಿನ ತುಣುಕನ್ನು ಕೆಡದಂತೆ ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಇಡುತ್ತಾರೆ. ಅದರ ಮೇಲೆ ಪ್ರತಿಕಾಯ ಎಂಬ ದ್ರವ ಹಾಕುತ್ತಾರೆ. ಅದು ಆ ಪ್ರೊಟೀನನ್ನೇ ಹುಡುಕಿ ಅಂಟಿಕೊಳ್ಳುತ್ತದೆ; ಅಂಟಿದ ಕಡೆ ಕಂದು ಬಣ್ಣ ಮೂಡಿಸುತ್ತಾರೆ. ನನ್ನ ಸೊಸೆಯ ಗಾಜಿನ ಮೇಲೆ ಕಂದು ಮೂಡಲಿಲ್ಲ. ಪ್ರೊಟೀನು ಇಲ್ಲ, ಇದು ಅಪರೂಪದ ಬಗೆ ಎಂದು ವರದಿ ಬಂತು. ಔಷಧ ತಪ್ಪಿತು. ಬರೀ ಕೀಮೋ ಶುರುವಾಯಿತು, ಕೂದಲು ಹೋಯಿತು, ಗಂಟು ಮಾತ್ರ ಹೋಗಲಿಲ್ಲ.

ಕೀಮೋ ವಾರ್ಡಿನ ಹೊರಗೆ ಒಂದು ಉದ್ದದ ಬೆಂಚು ಇದೆ, ಒಂದು ಕಾಲು ಕುಂಟು. ಮೂಲೆಯಲ್ಲಿ ಕೂತವರು ಎದ್ದರೆ ಉಳಿದವರು ವಾಲುತ್ತಾರೆ. ನೀವು ಅಲ್ಲಿಗೆ ಬಂದವರಲ್ಲ, ಬಂದಿದ್ದರೆ ಗೊತ್ತಿರುತ್ತಿತ್ತು. ಅಲ್ಲಿ ನಮ್ಮ ಪಕ್ಕಕ್ಕೆ ಕೂರುತ್ತಿದ್ದವರು ಈ ಕಂಡಕ್ಟರು. ಅವರ ಗಂಟು ಹೊಟ್ಟೆಯೊಳಗೆ. ಬೆಂಚು ವಾಲಿದಾಗಲೆಲ್ಲ "ಒಳಗೆ ಸರೀರಿ, ಒಳಗೆ ಸರೀರಿ, ಹಿಂದೆ ಜಾಗ ಇದೆ" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ಒಂದು ದಿನ ಹೆಮ್ಮೆಯಿಂದಲೇ ಹೇಳಿದರು: "ನಂದು ಅಪರೂಪದ್ದಂತೆ ಅಮ್ಮ. ಅದೇನೋ ಪ್ರೊಟೀನು ನಂಗಿಲ್ವಂತೆ. ಸಾವಿರಕ್ಕೊಬ್ಬರಿಗೆ ಹಿಂಗಾಗೋದು ಅಂದ್ರು."

ಸೊಸೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದೇ ವಿಷಯವನ್ನು ಒಂದೇ ಹೊತ್ತಿಗೆ ಯೋಚಿಸಿದ್ದು ಅದೇ ಮೊದಲು.

ಮಾನ್ಯರೇ, ಅಂಥ ಅಪರೂಪದವರಿಬ್ಬರು ಒಂದೇ ಬೆಂಚಿನಲ್ಲಿ ಮೊಣಕೈ ತಾಗಿಸಿಕೊಂಡು ಕೂತಿದ್ದರು. ಇಬ್ಬರ ವರದಿಗೂ ಸಹಿ ಹಾಕಿದವರು ಒಬ್ಬರೇ. ಅವರಿಗೆ ಇದು ವಿಚಿತ್ರ ಅನ್ನಿಸಲಿಲ್ಲವೇ? ಅಪರೂಪದ್ದು ಮತ್ತೆ ಮತ್ತೆ ಕಂಡರೆ ಅಪರೂಪವೆಂಬ ಮಾತನ್ನಾದರೂ ಬಿಡಬೇಕು, ಇಲ್ಲವೇ ಕಣ್ಣನ್ನಾದರೂ ಉಜ್ಜಿಕೊಳ್ಳಬೇಕು. ಎರಡೂ ಬೇಡವೆಂದರೆ ಸಹಿ ಹಾಕಲು ರಬ್ಬರು ಮುದ್ರೆ ಸಾಕಲ್ಲ, ಅಷ್ಟು ಓದಿದ ತಲೆ ಯಾಕೆ?

ಆ ದಿನವೇ ಪ್ರಯೋಗಾಲಯಕ್ಕೆ ಹೋಗಿ, ಹೆರೆದು ಉಳಿದಿದ್ದ ಸೊಸೆಯ ಮೇಣದ ತುಂಡು ಕೊಡಿ ಎಂದು ಕೇಳಿದೆ. ನಾಳೆ ಬನ್ನಿ ಎಂದರು. ಮರುದಿನ ಹೋದರೆ ಅಲ್ಲಿಯ ಸಾಹೇಬರು ಮೀಟಿಂಗಿನಲ್ಲಿದ್ದರು. ನಾನು ಅವರ ಬಾಗಿಲ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ದಿನವಿಡೀ ಕೂರುವುದು ನನಗೆ ಕಷ್ಟವಲ್ಲ, ಅದೇ ನನ್ನ ಕಸುಬು. ಸಂಜೆಯ ಹೊತ್ತಿಗೆ ತುಂಡು ಕೈಗೆ ಬಂತು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದನ್ನು ಬೇರೆ ಆಸ್ಪತ್ರೆಯ ಪ್ರಯೋಗಾಲಯದ ವೈದ್ಯೆಯ ಬಳಿ ಒಯ್ದೆವು. ಅವರು ತಮ್ಮ ಪ್ರತಿಕಾಯ ಹಾಕಿ ನೋಡಿ, ಸೂಕ್ಷ್ಮದರ್ಶಕದ ಮುಂದೆ ನನ್ನನ್ನೇ ಕೂರಿಸಿದರು. ಗಾಜಿನ ತುಂಬ ಬಳೆ ಚೆಲ್ಲಿದ ಹಾಗೆ ಕಂದು ಉಂಗುರಗಳು. ಪ್ರೊಟೀನು ಇತ್ತು. ಮೊದಲ ದಿನದಿಂದಲೂ ಇತ್ತು.

ಹಾಗಾದರೆ ಅಲ್ಲಿ ಯಾಕೆ ಕಾಣಲಿಲ್ಲ ಎಂದು ಕೇಳಿದೆ. ಆ ವೈದ್ಯೆ ನಿಮ್ಮ ಪ್ರಯೋಗಾಲಯಕ್ಕೆ ಫೋನು ಮಾಡಿ, ಯಾವ ಪ್ರತಿಕಾಯ ಹಾಕಿದ್ದು ಎಂದು ವಿಚಾರಿಸಿದರು. ಎಂದಿನ ಬಾಟಲಿ ಖಾಲಿಯಾಗಿತ್ತಂತೆ. ಹೊಸದು ಬರುವವರೆಗೆ ಕಾಯುವುದರ ಬದಲು ಮೇಲಿನ ಮಹಡಿಯ ಸಂಶೋಧನಾ ವಿಭಾಗದ ಫ್ರಿಜ್ಜಿನಿಂದ ಅದೇ ಪ್ರೊಟೀನಿನ ಹೆಸರಿದ್ದ ಇನ್ನೊಂದು ಬಾಟಲಿ ಎರವಲು ತಂದರಂತೆ. ನೆರೆಮನೆಯಿಂದ ಸಕ್ಕರೆ ತಂದಷ್ಟೇ ಸಲೀಸಾಗಿ. ಅದರ ಮೇಲೆ ದಪ್ಪಕ್ಷರದಲ್ಲಿ ಎರಡು ಮಾತು ಇದ್ದವು: ಸಂಶೋಧನೆಗೆ ಮಾತ್ರ, ರೋಗ ನಿರ್ಣಯಕ್ಕೆ ಬಳಸಬಾರದು.

ವೈದ್ಯೆ ನನಗೆ ನನ್ನ ಭಾಷೆಯಲ್ಲೇ ಬಿಡಿಸಿ ಹೇಳಿದರು. "ಆ ಬಾಟ್ಲಿದೇನೂ ತಪ್ಪಿಲ್ಲ ಅಮ್ಮ. ಅದನ್ನ ಮಾಡಿರೋದು ಹಸಿ ಕೋಶಗಳನ್ನ ನೋಡೋಕೆ. ಫಾರ್ಮಲಿನ್‌ನಲ್ಲಿ ನೆಂದ ಮೇಲೆ ಪ್ರೊಟೀನಿನ ಆಕಾರ ಬದಲಾಗುತ್ತೆ, ಆ ಪ್ರತಿಕಾಯಕ್ಕೆ ಅದರ ಗುರುತು ಸಿಗಲ್ಲ. ನಿಮ್ಮ ಬೀಗಕ್ಕೆ ಯಾರೋ ಬಣ್ಣ ಬಳಿದು ಕೀಲಿ ತೂತು ಮುಚ್ಚಿಬಿಟ್ರೆ, ಕೀಲಿ ಒಳಗೆ ಹೋಗುತ್ತಾ?"

ಹೋಗಲ್ಲ ಅಂದೆ.

"ಆಗ ನೀವು ಬಾಗಿಲಿಗೆ ಬೀಗವೇ ಇಲ್ಲ ಅಂತ ಬರೆದುಕೊಡ್ತೀರಾ?"

ನಾನು ಬರೆದುಕೊಡುವುದಿಲ್ಲ ಮಾನ್ಯರೇ. ನಿಮ್ಮವರು ಬರೆದುಕೊಟ್ಟರು, ಮೊಹರು ಒತ್ತಿ.

ನಾನು ದೂರು ಕೊಟ್ಟೆ, ನೀವು ವಿಚಾರಣೆ ಕರೆದಿರಿ. ಆ ಕೋಣೆ ನೆನಪಿದೆಯೇ? ಹಸಿರು ಬಟ್ಟೆ ಹೊದಿಸಿದ ಮೇಜು, ಅದರ ಮೇಲೆ ಯಾರೂ ಮುಟ್ಟದ ನೀರಿನ ಲೋಟಗಳು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ನಿಮ್ಮ ಪ್ರಯೋಗಾಲಯದ ಮುಖ್ಯಸ್ಥರು ಹಿರಿಯರು, ಕನ್ನಡಕವನ್ನು ಹಣೆಗೇರಿಸಿಕೊಂಡು ಮಾತಾಡುವವರು. ಬಾಟಲಿಯ ಮೇಲಿನ ಬರಹದ ಬಗ್ಗೆ ಕೇಳಿದರೆ ನಕ್ಕರು. "ಅದು ಕಂಪನಿಯವರು ಕಾನೂನಿಗೆ ಹೆದರಿ ಬರೆಯೋದು ಅಮ್ಮ. ಪ್ರತಿಕಾಯ ಪ್ರತಿಕಾಯವೇ. ಒಂದೇ ಪ್ರೊಟೀನು ತಾನೇ." ಅಷ್ಟಕ್ಕೇ ನಿಲ್ಲಿಸದೆ, ತಮ್ಮ ಪರೀಕ್ಷೆ ಸರಿಯಾಗಿಯೇ ಇತ್ತು ಎನ್ನಲು ಒಂದು ಗಾಜಿನ ಸ್ಲೈಡನ್ನು ತೆಗೆದು ತೋರಿಸಿದರು.

ಇದರ ಹಿನ್ನೆಲೆಯನ್ನು ಓದುಗರು ತಿಳಿಯಬೇಕು. ಪ್ರತಿ ಸಲ ರೋಗಿಯ ತುಣುಕಿನ ಜೊತೆಗೆ, ಯಾರದೋ ಗಂಟಲಿನಿಂದ ತೆಗೆದ ಟಾನ್ಸಿಲ್ ತುಣುಕಿಗೂ ಅದೇ ಬಾಟಲಿಯ ದ್ರವ ಹಾಕಬೇಕು. ಟಾನ್ಸಿಲಿನಲ್ಲಿ ಆ ಪ್ರೊಟೀನು ಇದ್ದೇ ಇರುತ್ತದೆ. ಅಲ್ಲಿ ಕಂದು ಮೂಡಿದರೆ ದ್ರವ ಕೆಲಸ ಮಾಡುತ್ತಿದೆ ಎಂದರ್ಥ. ಅಲ್ಲೂ ಮೂಡದಿದ್ದರೆ ಪರೀಕ್ಷೆಯೇ ಕೆಟ್ಟಿದೆ, ರೋಗಿಯ ಬಗ್ಗೆ ಏನೂ ಹೇಳಬಾರದು. ಅದು ಸಾಕ್ಷಿ ಇದ್ದ ಹಾಗೆ. ಮುಖ್ಯಸ್ಥರು ತೋರಿಸಿದ ಟಾನ್ಸಿಲ್ ಚೆಂದ ಕಂದು ಬಣ್ಣಕ್ಕಿತ್ತು. ನೀವು ತಲೆದೂಗಿದಿರಿ. ನಮ್ಮ ಜೊತೆ ಬಂದಿದ್ದ ಆ ವೈದ್ಯೆ ಮೆಲ್ಲಗೆ ಕೇಳಿದರು: "ಇದಕ್ಕೆ ಬಣ್ಣ ಹಾಕಿದ್ದು ಯಾವ ಬಾಟ್ಲಿಯಿಂದ ಸರ್?"

ಮುಖ್ಯಸ್ಥರ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಅದು ಹಳೆಯ ಬಾಟಲಿಯದು. ಒಮ್ಮೆ ಬಹಳ ಚೆನ್ನಾಗಿ ಬಂದಿತ್ತಂತೆ, ಅದಕ್ಕೇ ಜೋಪಾನವಾಗಿ ಎತ್ತಿಟ್ಟುಕೊಂಡು ಪ್ರತಿ ಪರೀಕ್ಷೆಗೂ ಅದನ್ನೇ ಪಕ್ಕದಲ್ಲಿಟ್ಟುಕೊಂಡು ನೋಡುತ್ತಿದ್ದರಂತೆ. ಮದುವೆ ಫೋಟೋ ಇಟ್ಟುಕೊಂಡ ಹಾಗೆ. ಎಂದೋ ಒಮ್ಮೆ ನಿಜ ನುಡಿದ ಸಾಕ್ಷಿಯನ್ನು, ಅವನು ಕಾಣದೇ ಇರುವ ಪ್ರಕರಣಗಳಿಗೆಲ್ಲ ಕರೆತಂದು ನಿಲ್ಲಿಸುವ ಈ ಪದ್ಧತಿಗೆ ನಿಮ್ಮ ಇಲಾಖೆಯಲ್ಲಿ ಏನನ್ನುತ್ತಾರೋ ತಿಳಿಯದು. ನಮ್ಮ ಬೀದಿಯಲ್ಲಿ ಮೋಸ ಅನ್ನುತ್ತಾರೆ. ಮೋಸ ಮಾಡಲೂ ಸ್ವಲ್ಪ ಬುದ್ಧಿ ಬೇಕಾದ್ದರಿಂದ, ಇವರ ವಿಷಯದಲ್ಲಿ ಆ ಪದವನ್ನು ಹಿಂತೆಗೆದುಕೊಳ್ಳುತ್ತೇನೆ.

ಇಷ್ಟಾದ ಮೇಲೆ ನೀವು ಮಾಡಬೇಕಾಗಿದ್ದದ್ದು ಒಂದೇ. ಎರವಲು ಬಾಟಲಿಯಿಂದ "ಇಲ್ಲ" ಎನ್ನಿಸಿಕೊಂಡ ಎಲ್ಲರ ಮೇಣದ ತುಂಡುಗಳನ್ನೂ ತೆಗೆದು ಮತ್ತೆ ಪರೀಕ್ಷಿಸುವುದು. ನೀವು ಮಾಡಿದ್ದೇನು? "ವಿಚಾರಣೆಯ ಹಿತದೃಷ್ಟಿಯಿಂದ" ಅವೆಲ್ಲವನ್ನೂ ಒಂದು ಬೀರುವಿಗೆ ತುಂಬಿಸಿ ಬೀಗ ಹಾಕಿಸಿದಿರಿ. ಆಮೇಲೆ ದೂರನ್ನು ಮುಕ್ತಾಯಗೊಳಿಸಿದಿರಿ, ಬೀಗವನ್ನು ಮರೆತಿರಿ. ನನ್ನ ಮಾತು ಕೇಳಿ ಕಂಡಕ್ಟರು ತಮ್ಮ ತುಂಡು ಕೇಳಲು ಹೋದರೆ, ಅದು ವಿಚಾರಣೆಯಲ್ಲಿದೆ ಎಂದರು. ವಿಚಾರಣೆ ಮುಗಿದಿದೆಯಲ್ಲ ಎಂದರೆ, ಮುಗಿದ ಮೇಲೆ ತೆಗೆಯಲು ಆದೇಶ ಬಂದಿಲ್ಲ ಎಂದರು. ಬೇರೆ ತುಣುಕು ತೆಗೆಯೋಣವೆಂದರೆ ಅವರ ಗಂಟು ಹೊಟ್ಟೆಯ ಆಳದಲ್ಲಿದೆ. ಈಗಿನ ನಿತ್ರಾಣದಲ್ಲಿ ಮತ್ತೆ ಕೊಯ್ಯಲು ಸರ್ಜನ್ನರು ಒಪ್ಪುತ್ತಿಲ್ಲ. ಆ ಪ್ರೊಟೀನು ಅವರಿಗೂ ಇರಬಹುದು, ನಿಜವಾಗಿ ಇಲ್ಲದೆಯೂ ಇರಬಹುದು. ಬಲ್ಲದ್ದು ಆ ಬೀರುವಿನೊಳಗಿನ ಮೇಣದ ತುಂಡು ಮಾತ್ರ. ಕಳೆದ ಸಲ ನೋಡಲು ಹೋದಾಗ ಬೆಂಚಿನ ಮೇಲೆ ಅವರು ನಗಿಸಲಿಲ್ಲ. "ಅಮ್ಮ, ಜೀವಮಾನವೆಲ್ಲ ಜನಕ್ಕೆ ಸ್ಟಾಪು ಬಂತು ಇಳೀರಿ ಅಂತ ಹೇಳ್ದೆ. ನಂದು ಎಲ್ಲಿ ಅಂತ ಹೇಳೋಕೆ ಯಾರಿಗೂ ಪುರುಸೊತ್ತಿಲ್ಲ," ಅಂದರು.

ಕೊನೆಯದಾಗಿ ಆ ಬೀಗದ ಬಗ್ಗೆ. ಅದು ನನ್ನ ಅಂಗಡಿಯದು. ಆಸ್ಪತ್ರೆಯ ಉಗ್ರಾಣದವನು ಬಂದು ಅಗ್ಗದ್ದು ಕೊಡಿ ಎಂದ. ಬೀರುವಿಗೆ ಎಂದು ತಿಳಿದಾಗ ನಾನು ಎಚ್ಚರಿಸಿದೆ: ಇದು ಮಕ್ಕಳ ಆಟಿಕೆ ಪೆಟ್ಟಿಗೆಗೆ ಸರಿ, ಬೀರುವಿಗೆ ಆಗುವುದಿಲ್ಲ, ಈ ಮಾದರಿಯವಕ್ಕೆಲ್ಲ ಒಂದೇ ಕೀಲಿ ತಿರುಗುತ್ತದೆ. ಅವನು ಏನೆಂದ ಗೊತ್ತೇ? "ಬೀಗ ಬೀಗವೇ ಅಲ್ವಾ ಅಮ್ಮ." ನಿಮ್ಮ ಸಂಸ್ಥೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಎಲ್ಲರಿಗೂ ಒಂದೇ ಪಾಠ ಹೇಳಿಕೊಟ್ಟಿರುವುದು ಮೆಚ್ಚತಕ್ಕದ್ದೇ.

ಅದೇ ಮಾದರಿಯ ಉಳಿದ ಬೀಗಗಳು ನನ್ನ ಗಲ್ಲಾದ ಹಿಂದೆ ಕೀಲಿ ಸಮೇತ ತೂಗಾಡುತ್ತಿವೆ. ಮೊನ್ನೆ ಕಂಡಕ್ಟರ ಜೊತೆ ನಾವಿಬ್ಬರೂ ಆ ಬೀರುವಿನ ಮುಂದೆ ನಿಂತಿದ್ದಾಗ ಒಂದು ಕೀಲಿ ನನ್ನ ಕೈಚೀಲದಲ್ಲೇ ಇತ್ತು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಸೊಸೆ ಪಿಸುಗುಟ್ಟಿದಳು, "ತೆಗೆದುಬಿಡಿ ಅತ್ತೆ. ನಾನು ಬಾಗಿಲು ಕಾಯ್ತೀನಿ."

"ಕದ್ದು ತಂದ ತುಂಡು ಅವರದೇ ಅಂತ ಯಾರು ನಂಬ್ತಾರೆ? ಅದರ ಮೇಲೆ ಯಾರು ಔಷಧ ಬರೀತಾರೆ?" ಅಂದೆ. "ಹಾಕಿದವರ ಕೈಯಲ್ಲೇ ತೆಗೆಸಬೇಕು ಕಣೆ."

ಅವಳು ಎದುರು ಮಾತಾಡಲಿಲ್ಲ. ನನಗೆ ಅದು ರುಚಿಸಲಿಲ್ಲ. ಅವಳು ಎದುರು ಮಾತಾಡುವುದನ್ನು ಕೇಳಲಿಕ್ಕೆಂದೇ ನಾನು ಇಷ್ಟು ಓಡಾಡಿದ್ದು.

ಆದ್ದರಿಂದ ನನ್ನ ಆಗ್ರಹ ಇಷ್ಟೇ. ಆ ಬೀರುವಿನ ಬೀಗ ತೆಗೆಸಿ. ಎಲ್ಲ ತುಂಡುಗಳನ್ನೂ ಬೇರೆ ಪ್ರಯೋಗಾಲಯಕ್ಕೆ ಕಳಿಸಿ, ಮೊದಲು ಕಂಡಕ್ಟರದ್ದು, ಅವರ ಮುಂದಿನ ಕೀಮೋಗಿಂತ ಮುಂಚೆ. ಹಾಗೆ "ಇಲ್ಲ" ಎಂದು ಬರೆಸಿಕೊಂಡು ಹೋದವರು ಯಾರೇ ಇರಲಿ, ಅವರ ಮನೆಗೆ ನೀವೇ ತಿಳಿಸಿ. ಕೀಲಿ ಕಳೆದುಹೋಗಿದೆ ಎಂಬ ಉತ್ತರವನ್ನು ಈಗಾಗಲೇ ಬೆರಳಚ್ಚು ಮಾಡಿಸಿದ್ದರೆ ಹರಿದುಹಾಕಿ. ಅಂಗಡಿ ಬೆಳಿಗ್ಗೆ ಬೇಗ ತೆರೆಯುತ್ತದೆ; ನೀವೇ ಬಂದರೆ ಕೀಲಿ ಕೈಗಿಡುತ್ತೇನೆ. ಬೇರೆಯವರನ್ನು ಕಳಿಸಬೇಡಿ.

ಇಂತಿ,
ಕೀಲಿ ಕೈಯಲ್ಲಿಟ್ಟುಕೊಂಡೂ ನಿಮಗಾಗಿ ಕಾಯಬೇಕಾಗಿ ಬಂದಿರುವ,
ಎದುರು ಬೀದಿಯ ಬೀಗದಂಗಡಿಯ ಅತ್ತೆ