ತಂಗಿಗೆ ಬಿದ್ದ ಮತಗಳು

ವುಹು
೧೯೮೧, ಜೂನ್ ೯

ಪ್ರೀತಿಯ ತಮ್ಮ ಷಿಪಿಂಗ್,

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತೇ, ಇಲ್ಲ ಆ ಎಣ್ಣೆಬಾವಿಯ ಗಾಳಿ ಕುಡಿದು ಇನ್ನೂ ಹಾಗೇ ಇದೆಯೇ? ಹತ್ತಿಯ ಅಂಗಿ ಕಳಿಸಿದೆ, ತಲುಪಿತು ಎಂದು ಒಂದು ಸಾಲು ಬರೆಯಲು ನಿನಗೆ ಪುರುಸೊತ್ತಿಲ್ಲ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಮ್ಮ ಉಣ್ಣುತ್ತಾಳೆ, ಓಡಾಡುತ್ತಾಳೆ, ಆದರೆ ಅವಳ ಜೀವ ಇಲ್ಲಿಲ್ಲ.

ಚಳಿಗಾಲದ ಕೊನೆಗೆ ಗಿರಣಿಯ ಸಭಾಂಗಣದಲ್ಲಿ ಒಂದು ಸಿನಿಮಾ ತೋರಿಸಿದರು. ಅದರಲ್ಲಿ ದೋಣಿಯವಳ ಪಾತ್ರ ಮಾಡಿದ ಹುಡುಗಿಯನ್ನು ಕಂಡದ್ದೇ ಅಮ್ಮ ಎದ್ದು ನಿಂತು "ಸುಲಾನ್! ನಮ್ಮ ಸುಲಾನೇ ಕಣ್ರೋ!" ಎಂದು ಕೂಗಿಬಿಟ್ಟಳು. ಹಿಂದಿನವರು "ಕೂತ್ಕೊಳಜ್ಜೀ, ಕಾಣ್ಸಲ್ಲ" ಎಂದು ಗದರಿದರು. ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ. ನಮ್ಮ ತಂಗಿ ಉತ್ತರದ ಹೊಲಗಳಿಗೆ ದುಡಿಯಲು ಹೋಗಿ ಹೊಳೆಪಾಲಾಗಿ ಹತ್ತು ವರ್ಷವಾಯಿತಲ್ಲ. ಅಲ್ಲಿಗೆ ಹೋಗಿ ಮಣ್ಣುಮಾಡಿ ಬಂದೆ ಎಂದು ಬರೆದವನು ನೀನೇ. ಇವಳು ಬೇರೆ ಯಾರೋ ಎಂದು ಹೇಳಿ ಅಮ್ಮನ ಬಾಯಿ ಮುಚ್ಚಿಸೋಣವೆಂದು ಮರುದಿನ ಮತ್ತೆ ಹೋಗಿ ಕಣ್ಣಗಲಿಸಿ ನೋಡಿದೆ. ಆ ಹುಡುಗಿ ಅನ್ನದ ಬಟ್ಟಲು ಹಿಡಿದು, ಉಣ್ಣುವ ಮೊದಲು ಕಡ್ಡಿಗಳ ತುದಿಯನ್ನು ತೋಳಿಗೆ ಒರೆಸಿಕೊಂಡಳು. ಸುಲಾನ್ ಹೀಗೇ ಮಾಡಿ ಅಮ್ಮನ ಕೈಲಿ ಏಟು ತಿನ್ನುತ್ತಿದ್ದಳು. ಆವತ್ತಿನಿಂದ ನನ್ನ ಬೆನ್ನ ಹಿಂದೆ ಯಾರಾದರೂ ಬಟ್ಟಲು ಕೆಳಗಿಟ್ಟರೂ ಬೆಚ್ಚಿ ತಿರುಗುತ್ತೇನೆ.

ಅಷ್ಟರಲ್ಲಿ ಸಿನಿಮಾ ಪತ್ರಿಕೆಯಲ್ಲಿ ನೂರು ಹೂಗಳ ಪ್ರಶಸ್ತಿಯ ಮತಚೀಟಿ ಬಂತು. ಸಿನಿಮಾ ನೋಡುವ ನಮ್ಮಂಥವರೇ ಅದನ್ನು ಕತ್ತರಿಸಿ, ಹೆಸರು ಬರೆದು ಬೀಜಿಂಗಿಗೆ ಕಳಿಸಬೇಕು. ಅಮ್ಮನ ಲೆಕ್ಕ ಏನು ಗೊತ್ತೇ? ಆ ಹುಡುಗಿಗೆ ಪೋಷಕ ನಟಿ ಪ್ರಶಸ್ತಿ ಬಂದರೆ ಅವಳ ಊರು, ಹೆತ್ತವರು ಎಲ್ಲ ಪತ್ರಿಕೆಯಲ್ಲಿ ಬರುತ್ತದೆ. ಮಗಳು ಸತ್ತಿದ್ದಾಳೋ ಬದುಕಿದ್ದಾಳೋ ಅಲ್ಲಿಗೆ ತಿಳಿಯುತ್ತದೆ. ನಮ್ಮ ಓಣಿಯಲ್ಲಿ ಒಂದೊಂದು ಪತ್ರಿಕೆಯೂ ಎಷ್ಟೋ ಮನೆ ತಿರುಗುತ್ತದಲ್ಲ, ನಮ್ಮಲ್ಲಿಗೆ ಬರುವಷ್ಟರಲ್ಲಿ ಆ ಪುಟದಲ್ಲಿ ಬರೀ ತೂತು. ಅಮ್ಮ ಉಪ್ಪಿನಲ್ಲಿ ಹಾಕಿಟ್ಟ ಬಾತುಮೊಟ್ಟೆಯ ಜಾಡಿ ಕಂಕುಳಲ್ಲಿಟ್ಟುಕೊಂಡು, ಕತ್ತರಿಸಿಟ್ಟುಕೊಂಡವರ ಚೀಟಿ ಕೇಳುತ್ತ ಮನೆಮನೆ ಹತ್ತಿದಳು. ನೂಲುವ ವಿಭಾಗದ ದಪ್ಪ ಮಿಯಾವ್ ಅಕ್ಕ "ನನ್ನ ಹೀರೋನ ಬಿಟ್ಕೊಡಲ್ಲ ಅಜ್ಜೀ, ಬೇಕಾದ್ರೆ ಗಂಡನ್ನ ಕರ್ಕೊಂಡ್ಹೋಗಿ" ಅಂದಳು. "ನಿನ್ನ ಹೀರೋನ ನೀನೇ ಇಟ್ಕೊಳ್ಳೇ, ಆ ಪೋಷಕ ನಟಿ ಸಾಲು ಒಂದ್ ನಂಗೆ ಬಿಡು" ಅಂದಳು ಅಮ್ಮ. ಅಷ್ಟೂ ಚೀಟಿಗಳಲ್ಲಿ ಆ ಸಾಲು ತುಂಬಿದವಳು ನಾನು. ನಗಬೇಡ.

ಪ್ರಶಸ್ತಿ ಬೇರೆಯವಳಿಗೆ ಹೋಯಿತು. ಆದರೆ ಈ ತಿಂಗಳ ಪತ್ರಿಕೆಯಲ್ಲಿ ಈ ಹುಡುಗಿಯ ಫೋಟೋ ಇದೆ. ಚಿಂಗ್‌ದಾವ್ ಕಡೆಯವಳು, ಇಪ್ಪತ್ತೊಂದು ವರ್ಷ, ಅಪ್ಪ ಅಮ್ಮ ಪಕ್ಕದಲ್ಲೇ ನಿಂತಿದ್ದಾರೆ. ಸುಲಾನ್‌ಗೆ ಈಗ ಇಪ್ಪತ್ತೊಂಬತ್ತು ಆಗಬೇಕಿತ್ತು. ಓದಿ ಹೇಳಿದೆ. ಅಮ್ಮ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಈ ಮಗು ಬೇರೆ. ಪರದೆ ಮೇಲೆ ಬಂದಿದ್ದು ನಮ್ಮವ್ಳೇ. ಎಲ್ಲೂ ಜಾಗ ಸಿಗದೆ ಇವಳ ಮೈಮೇಲೆ ಬಂದಿದಾಳೆ" ಎಂದಳು. ಅಳಲಿಲ್ಲ. ಊಟಕ್ಕೆ ಒಂದು ಬಟ್ಟಲು ಹೆಚ್ಚಿಗೆ ಇಟ್ಟಳು. ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಮೈ ನೋಡಿಕೋ. ನಿನ್ನ ಹೆಂಡತಿಗೂ ಮಗುವಿಗೂ ನನ್ನ ಅಕ್ಕರೆ ತಿಳಿಸು. ಅಮ್ಮ ನಿನ್ನನ್ನು ಹರಸಿದ್ದಾಳೆ. ಅದನ್ನು ಮರೆಯದೆ ಬರಿ ಎಂದು ಎರಡು ಸಲ ಹೇಳಿದಳು.

ನಿನ್ನ ಅಕ್ಕ,
ಗ್ವಿಝೆನ್

ಅಂಚೆಗೆ ಹೊತ್ತಾಯಿತು, ಆದರೆ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಚೀಟಿ ಕೊಟ್ಟವರಲ್ಲಿ ಲುವೋ ಮನೆಯ ಮಗಳೂ ಒಬ್ಬಳು. ಸುಲಾನ್ ಜೊತೆ ಅದೇ ಹೊಲದಲ್ಲಿ ದುಡಿದವಳು. "ಆ ಹೊಳೆ ಸುಲಾನ್‌ನ ವಾಪಸ್ ಕೊಡ್ಲೇ ಇಲ್ಲ ಅಜ್ಜೀ, ನಿಮ್ಮ ಮಗ ದಡದಲ್ಲಿ ಕೂತು ಕೂತು ಬರಿಗೈಲಿ ಹೋದ್ರು" ಅಂದಳಂತೆ. ಅಮ್ಮ ಅವಳಿಗೂ ಮೊಟ್ಟೆ ಕೊಟ್ಟು ಬಂದು, ನಿನ್ನೆಯಷ್ಟೇ ನನಗೆ ಹೇಳಿದಳು. ನಿನ್ನ ಮೇಲೆ ಕೋಪವಿಲ್ಲವಂತೆ. ಪ್ರತಿ ವರ್ಷ ಸತ್ತವರ ಹಬ್ಬದಲ್ಲಿ ತಾನು ಯಾರ ಗೋರಿಯ ಕಡೆ ಮುಖಮಾಡಿ ಸತ್ತವರಿಗೆಂದು ಕಾಗದದ ದುಡ್ಡು ಸುಟ್ಟದ್ದು ಎಂದು ಮಾತ್ರ ಕೇಳುತ್ತಾಳೆ. ನಾನೇನು ಹೇಳಲಿ?