ಹೊಗೆ ಬರುವ ಎಣ್ಣೆ

ಮನೆಯಿಂದ,
ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮಾ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಮೈಯೆಲ್ಲ ಬೆವರುಸಾಲೆ ಎಂದಿದ್ದೆಯಲ್ಲ, ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ಯಂತ್ರಕ್ಕೆ ಎಣ್ಣೆ ಹಾಕಲು ಮರೆಯದವಳು ನಿನ್ನ ಹೊಟ್ಟೆಗೆ ಹಾಕಲು ಮರೆಯುತ್ತೀಯ, ನನಗೆ ಗೊತ್ತು. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ಪೂರ್ತಿ ಓದು, ಇದೆಲ್ಲ ನಿಮ್ಮಜ್ಜನ ಪುರಾಣ.

ಹೋಗುವಾಗ ರಿಮೋಟಿನಲ್ಲಿ ಹಾರಿಸುವ ಆ ಪುಟ್ಟ ಆಟಿಕೆ ವಿಮಾನವನ್ನು ಅವರ ಕೈಗಿಟ್ಟು ಹೋದೆಯಲ್ಲ, ಮಹಾತಾಯಿ, ಅಂದಿನಿಂದ ನನ್ನ ತಲೆ ಚಿಟ್ಟು ಹಿಡಿದಿದೆ. ಗಡಿಯಾರ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಗೋಡೆ ನೋಡುತ್ತ ಕೂತಿದ್ದ ಮನುಷ್ಯ ಎದ್ದು ಓಡಾಡುತ್ತಾರಲ್ಲ ಎಂದು ಮೊದಮೊದಲು ನನಗೂ ಹಿಗ್ಗಾಗಿತ್ತು. ಈಗ ಆ ಹೆಬ್ಬೆರಳುದ್ದದ ಎಂಜಿನ್ನಿಗೆ ಏನು ಕುಡಿಸಬೇಕೆನ್ನುವುದೇ ಮೂರು ಹೊತ್ತಿನ ಜಗಳ. ಅದರ ಎಣ್ಣೆ ಮಾರುವ ಅಂಗಡಿಯವನು ಪಾಪ ಎಲ್ಲ ಡಬ್ಬಿಗಳನ್ನೂ ಎದುರಿಗಿಟ್ಟು ಬಿಡಿಸಿ ಹೇಳಿದ. ವೇಗ ಹೆಚ್ಚಿಸುವ ನೈಟ್ರೋ ಎಂಬುದನ್ನು ಹಾಕಿದ್ದು ಪಂದ್ಯಕ್ಕೆ ಹೋಗುವವರಿಗಂತೆ, ಬೆಲೆ ಕೇಳಿಯೇ ನನಗೆ ಬಾಯಿ ಒಣಗಿತು. ನೈಟ್ರೋ ಇಲ್ಲದೆ ಬರೀ ಸ್ಪಿರಿಟ್ಟಿಗೆ ಕಾರ್ಖಾನೆ ಎಣ್ಣೆ ಬೆರೆಸಿದ್ದು ಅಗ್ಗ. "ನಿಮ್ಮ ಎಂಜಿನ್ನಿಗೆ ಇದೇ ಧಾರಾಳವಾಯ್ತು ಅಜ್ಜಾ, ಮಸಿ ಕಟ್ಟಲ್ಲ, ಹೊಗೆಯೂ ಇಲ್ಲ" ಎಂದ. ನಿಮ್ಮಜ್ಜ ಕೇಳಬೇಕಲ್ಲ! ಅವರಿಗೆ ಹರಳೆಣ್ಣೆ ಬೆರೆಸಿದ್ದೇ ಆಗಬೇಕು. ಅದು ತುಟ್ಟಿ, ಅಂಟು, ಎಂಜಿನ್ನಿನ ಒಳಗೆಲ್ಲ ಕಂದು ಜಿಡ್ಡು ಮೆತ್ತಿಕೊಳ್ಳುತ್ತದೆ. ಖರ್ಚಿಗೆಂದು ತಿಂಗಳ ಮೊದಲಿಗೆ ನಾನು ಎತ್ತಿಟ್ಟದ್ದು ತಿಂಗಳು ಅರ್ಧವಾಗುವ ಮೊದಲೇ ಹೊಗೆಯಾಗಿ ಹೋಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಅಂಗಡಿಯವನು ಬೆರೆಸಿದ ಹರಳೆಣ್ಣೆ ಸಾಲದೆಂದು ಬಚ್ಚಲುಮನೆಯಿಂದ ನಾನು ತಲೆಗೆ ಹಚ್ಚುವ ಹರಳೆಣ್ಣೆ ಬಾಟಲಿಯನ್ನೂ ಲಪಟಾಯಿಸಿ ಸುರಿದರು. "ಎಂಜಿನ್ನಿಗೆ ಜಡೆ ಹೆಣೀತೀರಾ?" ಎಂದು ಕೇಳಿದರೆ ಕಿವಿ ಕೇಳದವರ ಹಾಗೆ ನಕ್ಕರು. ಎಂಜಿನ್ ಕೆಮ್ಮಿ, ಉಗುಳಿ, ತೆಪ್ಪಗಾಯಿತು. ಅದರ ಹೊಟ್ಟೆ ಬಿಚ್ಚಿ ತೊಳೆಯಲು ಅಂಗಡಿಯವನ ಹತ್ತಿರವೇ ಹೋಗಬೇಕಾಯಿತು. ಚಿಟಿಕೆ ಗಾತ್ರದ ಗಡಿಯಾರವನ್ನು ಬಿಚ್ಚಿ ಜೋಡಿಸಿದ ಕೈ ಅದು, ಇಷ್ಟಕ್ಕೆ ಬೇರೆಯವರ ಬಾಗಿಲು ಯಾಕೆ ತಟ್ಟಬೇಕು ಎಂದು ಅದಕ್ಕೂ ಬೈದೆ. ಎಣ್ಣೆ ಸಿಡಿದ ಅಂಗಿಗಳನ್ನು ಒಗೆದು ನನ್ನ ರಟ್ಟೆ ಬಿದ್ದುಹೋಗಿದೆ.

ಕಡೆಗೆ ಈ ವಾರ ನಾನೇ ಹೋಗಿ ಅಗ್ಗದ ಡಬ್ಬಿ ತಂದೆ. "ಇದರಲ್ಲಿ ಹಾರಿಸಿ, ಇಲ್ಲ ಮನೇಲಿ ಕೂತ್ಕೊಳ್ಳಿ" ಎಂದೆ. ಮುಖ ಊದಿಸಿಕೊಂಡೇ ಬಯಲಿಗೆ ಹೊರಟರು. ನೋಡಿಯೇ ಬಿಡೋಣವೆಂದು ನಾನೂ ಕುಂಟುತ್ತ ಹೋದೆ. ಇವತ್ತು ಬೆಳಿಗ್ಗೆಯ ಮಾತು. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು ಗುಬ್ಬೀ! ಒಂದು ಎಳೆ ಹೊಗೆಯಿಲ್ಲದೆ, ಹದ್ದಿನ ಹಾಗೆ ಮೇಲಕ್ಕೆ ಹೋಯಿತು. ಗೆದ್ದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸುತ್ತಿ ಸುತ್ತಿ ಬಂದು ಬೇಲಿಗೆ ಬಡಿದು ರೆಕ್ಕೆ ಮುರಿದುಕೊಂಡಿತು. "ನೋಡಿದ್ಯಾ ನಿನ್ನ ಅಗ್ಗದ ಎಣ್ಣೆ!" ಎಂದು ನನ್ನ ಮೇಲೇ ಹಾರಿಬಿದ್ದರು. ಈಗ ಜಗಲಿಯಲ್ಲಿ ರೆಕ್ಕೆಗೆ ಅಂಟು ಮೆತ್ತುತ್ತ ಕೂತಿದ್ದಾರೆ. ಅಂಟೆಲ್ಲ ರೆಕ್ಕೆ ಬಿಟ್ಟು ಪಂಚೆಯ ಮೇಲಿದೆ. ಇಂಥವರ ಜೊತೆ ಬಾಳಿದ್ದಕ್ಕೆ ನನಗೊಂದು ಪದಕ ಕೊಡಬೇಕು.

ನೀರು ಶಾಂತವಾಗಿರಲಿ, ನಿನ್ನ ಎಂಜಿನ್ ಕೈಕೊಡದಿರಲಿ, ನೂರು ಕಾಲ ಬಾಳು ಮಗಳೇ.

ನಿನ್ನ ಬಾಯಿಬಡುಕಿ,
ಅಜ್ಜಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ವಿಮಾನ ನಮ್ಮ ಎಡಕ್ಕೆ ಸುತ್ತುತ್ತಿತ್ತು. ನಿಮ್ಮಜ್ಜ ಬಲಕ್ಕೆ ನೋಡುತ್ತಿದ್ದರು. "ಎಲ್ಲಿದೆಯೇ ಅದು?" ಎಂದು ಮೆಲ್ಲಗೆ ಕೇಳಿದರು, ನಾನು ಕೈ ತೋರಿಸಿದೆ, ನನ್ನ ಕೈಯೂ ಅವರಿಗೆ ಸರಿಯಾಗಿ ಕಾಣಲಿಲ್ಲ. ಹರಳೆಣ್ಣೆ ಹಾಕಿದರೆ ಆಕಾಶದಲ್ಲಿ ಬಿಳಿ ಗೆರೆ ಎಳೆಯುತ್ತದಲ್ಲ, ಇಷ್ಟು ದಿನ ಆ ಗೆರೆ ಹಿಡಿದು ಹಾರಿಸುತ್ತಿದ್ದರು. ಗಡಿಯಾರದ ಅಂಗಡಿ ಯಾಕೆ ಮುಚ್ಚಿದರೆಂದೂ ಈಗ ತಿಳಿಯಿತು. ರಜೆ ಹಾಕಿ ಬಾ. ಎಂಜಿನ್ ನೋಡಲು ಬಂದೆ ಎನ್ನು, ಹಾಗೆಯೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಾನು ಕರೆದರೆ ಬರುವವರಲ್ಲ. ಅಲ್ಲಿಯವರೆಗೆ ಅಂಟು ಒಣಗಿಲ್ಲ, ಒಣಗಿಲ್ಲ ಎಂದು ವಿಮಾನ ಎತ್ತಲು ಬಿಡುವುದಿಲ್ಲ. ಬಯಲಿನಿಂದ ಬರುವಾಗಲೇ ಅಂಗಡಿಯಿಂದ ಅವರ ಹರಳೆಣ್ಣೆ ಡಬ್ಬಿ ತಂದು ಕಪಾಟಿನಲ್ಲಿಟ್ಟಿದ್ದೇನೆ. ಗೊಣಗುವುದನ್ನು ಮಾತ್ರ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ನನಗೆ ಗೊತ್ತಾಯಿತೆಂದು ಅವರಿಗೆ ಗೊತ್ತಾಗಿಬಿಡುತ್ತದೆ.